ನಾಲ್ಕನೆಯ ಎಣಿಕೆ

"ಕಾರು ನನ್ನದು, ರಸ್ತೆ ಸರ್ಕಾರದ್ದು, ಹುಚ್ಚು ಮಾತ್ರ ಪೂರ್ತಿ ನಿನ್ನದು" ಎಂದು ಭಾವ ಹೊರಡುವಾಗಲೇ ಹೇಳಿಬಿಟ್ಟಿದ್ದರು. ಮೂವತ್ತು ವರ್ಷ ಲಾರಿ ಓಡಿಸಿ, ಈಗ ಮನೆಯಲ್ಲಿ ಕೂರಲಾರದೆ ಕೂತಿದ್ದ ಮನುಷ್ಯ. ಹೆಂಡತಿಯ ತಮ್ಮ ಬಂದು ಎರಡು ದಿನದ ದಾರಿ ಎಂದಾಗ, ಬೈಯುತ್ತಲೇ ಎದ್ದು ಚಕ್ರಗಳಿಗೆ ಗಾಳಿ ತುಂಬಿಸಿಕೊಂಡು ಬಂದಿದ್ದರು.

ಆ ತಮ್ಮ ಹೆಸರುವಾಸಿ ಗಾಯಕ. ಹತ್ತು ವರ್ಷದ ಹಿಂದೆ ಅವನನ್ನು ಕೇಳುವವರೇ ಇರಲಿಲ್ಲ. ಆಗ ಅವನ ಕೈಗೆ ಒಂದು ಕ್ಯಾಸೆಟ್ಟು ಬಂತು. ಯಾವುದೋ ಊರಿನ ಕಾರ್ಖಾನೆಯಲ್ಲಿ ದುಡಿದು, ಎದೆ ರೋಗದಿಂದ ಸತ್ತುಹೋದ ಒಬ್ಬ ಕವಿ, ತಾನೇ ಕಟ್ಟಿದ ಹನ್ನೊಂದು ಹಾಡುಗಳನ್ನು ವಾದ್ಯವಿಲ್ಲದೆ ಬರೀ ಗಂಟಲಲ್ಲಿ ಹಾಡಿಟ್ಟಿದ್ದ ಕ್ಯಾಸೆಟ್ಟು. ಗಾಯಕ ಅದನ್ನು ಕೇಳಿ ಅತ್ತ. ಸುಳ್ಳಲ್ಲ, ನಿಜವಾಗಿಯೂ ಅತ್ತ. ಕವಿಯ ತಂಗಿಗೆ ಕಾಗದ ಬರೆದು ಒಪ್ಪಿಗೆ ತರಿಸಿಕೊಂಡ. ಆ ಹಾಡುಗಳಿಗೆ ವಾದ್ಯ ಕೂಡಿಸಿ ಹಾಡಿದ. ಅಲ್ಲಿಂದ ಮುಂದೆ ಅವನು ತಿರುಗಿ ನೋಡಲಿಲ್ಲ.

ಹನ್ನೊಂದರಲ್ಲಿ ಮನೆಮನೆಗೆ ಹೋದದ್ದು ಹಕ್ಕಿ ಹಾಡು. 'ಹೋಗು ಹಕ್ಕಿ, ಕಾಳು ಇಟ್ಟು, ಬಾ ಗೂಡಿಗೆ.' ನಾಲ್ಕು ಎಣಿಕೆಯ ಹಾಡು. ಮೂರು ಎಣಿಕೆಗೆ ಮಾತು, ನಾಲ್ಕನೆಯದು ಖಾಲಿ. ಕ್ಯಾಸೆಟ್ಟಿನಲ್ಲಿ ಕವಿ ಪ್ರತಿ ಸಾಲಿನ ಕೊನೆಗೂ ಅಲ್ಲಿ ಬಾಯಿ ಮುಚ್ಚಿಬಿಡುತ್ತಿದ್ದ. ಗಾಯಕನಿಗೆ ಆ ಖಾಲಿ ಜಾಗ ಕೈ ಬೀಸಿ ಕರೆದಂತಾಯಿತು. ಅಲ್ಲೊಂದು ಚಪ್ಪಾಳೆ ಹಾಕಿದ. ಹಾಡು ಗೆದ್ದದ್ದು ಆ ಚಪ್ಪಾಳೆಯಿಂದಲೇ. ಸಭೆಗೆ ಸಭೆಯೇ ಅಲ್ಲಿ ಕೈ ತಟ್ಟುತ್ತಿತ್ತು. "ಆ ಮೌನ ಕವಿಯ ಒಂಟಿತನ, ಬನ್ನಿ, ನಾವೆಲ್ಲ ಸೇರಿ ತುಂಬೋಣ" ಎಂದು ಅವನು ವೇದಿಕೆಯ ಮೇಲೆ ಹೇಳಿದರೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಹೇಳಿ ಹೇಳಿ ಅವನಿಗೂ ಅದೇ ನಿಜ ಅನ್ನಿಸಿಬಿಟ್ಟಿತ್ತು.

ಆದರೆ ಹನ್ನೊಂದೇ ಹಾಡನ್ನು ಎಷ್ಟು ವರ್ಷ ಉಜ್ಜುವುದು? ತಾನೇ ಬರೆಯಲು ಕೂತರೆ ಕಾಗದ ಖಾಲಿ. ಕಷ್ಟಪಟ್ಟು ಬರೆದ ಒಂದೆರಡನ್ನು ಜನ ಮರ್ಯಾದೆಗೆ ಕೇಳಿ, ಮುಗಿಯುವ ಮೊದಲೇ "ಹಕ್ಕಿ, ಹಕ್ಕಿ" ಎಂದು ಕೂಗುತ್ತಿದ್ದರು. ಹೀಗಿರುವಾಗ ಒಂದು ಸುದ್ದಿ ಬಂತು: ಕವಿ ಕಟ್ಟಿದ್ದು ಐವತ್ತಕ್ಕೂ ಹೆಚ್ಚು, ಉಳಿದವೆಲ್ಲ ತಂಗಿಯ ಬಾಯಲ್ಲಿವೆ. ಗಾಯಕ ಮೂರು ಕಾಗದ ಹಾಕಿದ. ಉತ್ತರವಿಲ್ಲ. ಆ ಹಾಡುಗಳು ಸಿಕ್ಕರೆ ತಾನು ಉಂಟು, ಇಲ್ಲದಿದ್ದರೆ ಇಲ್ಲ ಎಂಬುದು ಅವನಿಗೆ ಖಂಡಿತವಾಗಿತ್ತು. ಅದಕ್ಕೇ ಈ ಪ್ರಯಾಣ. ಕವಿಯ ಬೇರು ಹುಡುಕಿ ಹೊರಟಿದ್ದೇನೆಂದು ಪತ್ರಿಕೆಯವರಿಗೆ ಹೇಳಿದ್ದ. ಬೇರಿನ ನೆಪದಲ್ಲಿ ಹಣ್ಣಿಗೆ ಕೈ ಚಾಚಿದ್ದು ಭಾವನಿಗೆ ಮಾತ್ರ ಗೊತ್ತಿತ್ತು.

ಎರಡನೆಯ ದಿನ ಮಧ್ಯಾಹ್ನ ಊರು ಸೇರಿದರು. ಕವಿ ಹುಟ್ಟಿದ ಮನೆ ಈಗ ಕ್ಷೌರದಂಗಡಿ. ಒಂದೇ ಕೋಣೆ, ಎರಡು ಕುರ್ಚಿ, ಅಂಚು ಕಪ್ಪಾದ ಕನ್ನಡಿ. ಗಾಯಕ ಗೋಡೆಯನ್ನು ಮುಟ್ಟಿ ಕಣ್ಣು ಮುಚ್ಚಿದ.

"ಹಸಿ ಬಣ್ಣ ಸ್ವಾಮಿ, ಮುಟ್ಟಬೇಡಿ" ಎಂದ ಕ್ಷೌರಿಕ.

ಭಾವ ನಗು ತಡೆಯಲಾರದೆ ಹೊರಗೆ ಹೋಗಿ ನಿಂತರು. ಗಾಯಕ ಅಂಗೈ ಒರೆಸಿಕೊಳ್ಳುತ್ತ, ಕವಿಯ ನೆನಪಿದೆಯೇ ಎಂದು ಕೇಳಿದ.

"ಇಲ್ಲದೆ ಏನು? ನನ್ನ ಹತ್ತಿರವೇ ಕೂದಲು ಕತ್ತರಿಸಿಕೊಳ್ತಿದ್ದ. ಕತ್ತರಿ ಸದ್ದಿಗೂ ಬೆರಳು ಮಡಚಿ ಎಣಿಸ್ತಿದ್ದ, ವಿಚಿತ್ರ ಮನುಷ್ಯ. ತಂಗಿ ಇನ್ನೂ ಡಬ್ಬಿ ಕಾರ್ಖಾನೆಯಲ್ಲೇ ಇದ್ದಾಳೆ, ಹೋಗಿ ನೋಡಿ." ಆಮೇಲೆ ಗಾಯಕನ ಮುಖವನ್ನು ಕನ್ನಡಿಯಲ್ಲಿ ಎರಡನೆಯ ಸಲ ನೋಡಿ, "ನೀವು ಅವರೇ ಅಲ್ವಾ, ಆ ಹಾಡು ಹೇಳಿದವರು?" ಎಂದ. ಗಾಯಕ ಸಂತೋಷದಿಂದ ಹೌದೆಂದ. ಕ್ಷೌರಿಕ ಮುಖ ತಿರುಗಿಸಿ ಕತ್ತರಿ ಒರೆಸುತ್ತ ನಿಂತ.

ಕಾರ್ಖಾನೆ ಊರ ಹೊರಗಿತ್ತು. ಗೇಟಿನಲ್ಲಿ ಕಾವಲುಗಾರ ಹೆಸರು ಬರೆಸಿಕೊಂಡು ಒಬ್ಬರನ್ನೇ ಒಳಗೆ ಬಿಟ್ಟ. "ನೀನು ಹೋಗು, ನನಗೆ ಗೋಡೆ ಮುಟ್ಟಿ ಅಭ್ಯಾಸವಿಲ್ಲ" ಎಂದು ಭಾವ ಕಾರಿನಲ್ಲೇ ಕಾಲು ಚಾಚಿದರು. ಅಂಗಳ ದಾಟಿದರೆ ತಗಡಿನ ಉದ್ದನೆಯ ಶೆಡ್ಡು. ಒಳಗೆ ಆರು ಪ್ರೆಸ್ಸು ಮೆಷಿನ್ನುಗಳ ಸಾಲು, ಒಂದೊಂದರ ಮುಂದೆ ಒಬ್ಬ ಹೆಂಗಸು. ಬಿಸಿ ಎಣ್ಣೆಯ ವಾಸನೆ. ಡಬ್ಬಿಗಳಿಗೆ ಮುಚ್ಚಳ ಒತ್ತುವ ಕೆಲಸ. ಆರೂ ಮೆಷಿನ್ನು ಒಂದೇ ಬೆಲ್ಟಿನ ಮೇಲೆ ಓಡುತ್ತಿದ್ದವು. ಒಮ್ಮೆ ಶುರುವಾದರೆ ಯಾರಿಗೂ ಕಾಯದೆ ಒಂದೇ ಸಮನೆ ಬೀಳುತ್ತಿದ್ದವು. ಬಾಗಿಲ ಬಳಿಯ ಮೇಜಿನಲ್ಲಿ ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಎಡಗೈಯಲ್ಲಿ ಮುಚ್ಚಳ ಜೋಡಿಸುತ್ತ, ಗೊಗ್ಗರು ಗಂಟಲಲ್ಲಿ ಹಾಡು ಹೇಳುತ್ತಿದ್ದರು. ಬಲಗೈ ಏಪ್ರನ್ನಿನ ಜೇಬಿನಲ್ಲಿತ್ತು.

ಹಕ್ಕಿ ಹಾಡೇ. ಗಾಯಕ ಬಾಗಿಲಲ್ಲೇ ನಿಂತ.

'ಹೋಗು ಹಕ್ಕಿ' ಎಂದಾಗ ಆರು ಕೈ ಮೆಷಿನ್ನಿನ ಬಾಯೊಳಗೆ ಹೋದವು. 'ಕಾಳು ಇಟ್ಟು' ಎಂದಾಗ ಆರು ತಗಡು ಅಚ್ಚಿನ ಮೇಲೆ ಕೂತವು. 'ಬಾ ಗೂಡಿಗೆ' ಎಂದಾಗ ಆರೂ ಕೈ ಎದೆಗೆ ವಾಪಸು ಬಂದವು. ಎಲ್ಲರೂ ಬಾಯಿ ಮುಚ್ಚಿದರು. ಧಡ್ ಎಂದು ಪ್ರೆಸ್ಸು ಬಿತ್ತು. ನೆಲ ನಡುಗಿತು. ಮತ್ತೆ 'ಹೋಗು ಹಕ್ಕಿ'.

ಗಾಯಕನಿಗೆ ಹತ್ತು ವರ್ಷ ಹಾಡಿದ ಹಾಡಿನ ಒಳಗು ಈಗ ಕಂಡಿತ್ತು. ಎರಡೇ ಹೆಜ್ಜೆಯಲ್ಲಿ ಮೇಜಿನ ಬಳಿ ಹೋಗಿ ಕೈ ಮುಗಿದ.

"ಅಮ್ಮಾ, ನಾನು..."

"ಗೊತ್ತು. ಧ್ವನಿ ಗೊತ್ತಾಯ್ತು" ಎಂದರು ಕವಿಯ ತಂಗಿ. ಕೊನೆಯ ಮೆಷಿನ್ನಿನ ಹೆಂಗಸಿಗೆ ಸನ್ನೆ ಮಾಡಿದರು. ಹಾಡು ಅವಳ ಬಾಯಿಗೆ ಹೋಯಿತು, ನಡುವೆ ಒಂದು ಎಣಿಕೆಯೂ ತಪ್ಪಲಿಲ್ಲ. "ಕಾಗದ ತಲುಪಿದವು. ಮೂರೂ."

"ಉತ್ತರ ಬರಲಿಲ್ಲವಲ್ಲಮ್ಮ."

"ಬರೆಯೋದು ಬಿಟ್ಟಿದ್ದೀನಿ."

ಅವನಿಗೆ ಅದನ್ನು ವಿಚಾರಿಸುವ ವ್ಯವಧಾನವಿರಲಿಲ್ಲ. "ಅಮ್ಮಾ, ಅದು ಮೌನ ಅಲ್ಲ! ಅಲ್ಲಿ ಮೆಷಿನ್ ಹಾಡ್ತಿತ್ತು! ನನಗೆ ಹೊಳೆದೇ ಇರಲಿಲ್ಲ ನೋಡಿ. ಅಲ್ಲಿ ನಾನು ಚಪ್ಪಾಳೆ ಹಾಕಿದ್ದೆ, ನೀವು ಕೇಳಿರಬೇಕು, ಸಾವಿರಾರು ಜನ ಒಟ್ಟಿಗೆ..." ಎನ್ನುವಾಗಲೇ ಈ ಧಡ್ ಸದ್ದನ್ನು ಮುದ್ರಿಸಿಕೊಂಡು ಮುಂದಿನ ಕಾರ್ಯಕ್ರಮದಲ್ಲಿ ಎಲ್ಲಿ ಹಾಕುವುದೆಂದು ಅವನ ತಲೆ ಲೆಕ್ಕ ಹಾಕುತ್ತಿತ್ತು. ನಾಚಿಕೆಗೇಡು, ಆದರೆ ಹಾಗೇ ಇತ್ತು.

"ಕೇಳಿದ್ದೀನಿ" ಎಂದರು ಆಕೆ. "ಒಂದೇ ಸಲ."

ಅವರು ಮುಚ್ಚಳ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಅಣ್ಣ ಕೆಲಸಕ್ಕೆ ಸೇರಿದ ವರ್ಷ ಈ ಶೆಡ್ಡಿನಲ್ಲಿ ಏಳು ಜನರ ಬೆರಳು ಹೋದವು. ಧಣಿಗಳು ಮೆಷಿನ್ನಿಗೆ ಕೈ ಕಾಯೋ ಜಾಲರಿ ಹಾಕಿಸಲಿಲ್ಲ, ಕೆಲಸ ನಿಧಾನ ಆಗುತ್ತೆ ಅಂತ. ಅಣ್ಣ ಹಾಡು ಕಟ್ಟಿದ. ಒಂದೇ ಹಾಡು ಇಡೀ ದಿನ ಹೇಳಿದರೆ ನಿದ್ದೆ ಬರುತ್ತೆ ಅಂತ ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ನಾಲ್ಕನೇದು ಖಾಲಿ. ಹಾಡು ಸುಮ್ಮನಾದಾಗ ಕೈ ಎದೆ ಹತ್ತಿರ ಇರಬೇಕು, ಅಷ್ಟೇ ಪಾಠ. ಹದಿನೆಂಟು ವರ್ಷ ಯಾರಿಗೂ ಉಗುರು ಸಹ ಮುರಿಯಲಿಲ್ಲ."

ಗಾಯಕ ತಲೆದೂಗಿದ.

"ಅಣ್ಣ ಹೋದ ಮೇಲೆ ನಿಮ್ಮ ಕಾಗದ ಬಂತು. ಹಾಡಿಕೊಳ್ಳಿ ಅಂತ ಸಹಿ ಹಾಕಿ ಕಳಿಸಿದೆ. ಹಾಡು ಹೊರಗೆ ಬಂದ ದಿನ ಧಣಿಗಳು ಖುಷಿಯಾಗಿ ಈ ಶೆಡ್ಡಿಗೆ ರೇಡಿಯೋ ತಂದಿಟ್ಟರು. ನಮ್ಮ ಕಾರ್ಖಾನೆ ಹಾಡು, ಎಲ್ಲರೂ ಕೇಳಿ ಅಂತ. ನಾನು ಮೂರನೇ ಮೆಷಿನ್ನಲ್ಲಿದ್ದೆ. ನಿಮ್ಮ ಹಾಡು ಮೆಷಿನ್ನಿನ ಓಟಕ್ಕೆ ಸರಿಯಾಗಿ ಕೂತುಬಿಟ್ಟಿತ್ತು. ಅಣ್ಣನ ಮಾತು ರೇಡಿಯೋದಲ್ಲಿ! ನನಗೆ ಬೇರೇನೂ ಕಾಣಿಸಲಿಲ್ಲ. ಹೋಯ್ತು, ಇಟ್ಟಿತು, ಬಂತು ನನ್ನ ಕೈ. ಸುಮ್ಮನಾಗಬೇಕಾದ ಜಾಗದಲ್ಲಿ ಹಾಡು ಸುಮ್ಮನಾಗಲಿಲ್ಲ. ಚಪ್ಪಾಳೆ ಬಿತ್ತು. ಮುಂದಿನ ಸುತ್ತು ಶುರುವಾಯ್ತು ಅಂದ್ಕೊಂಡು ಕೈ ಮತ್ತೆ ಒಳಗೆ ಹೋಯ್ತು."

ಆಕೆ ಜೇಬಿನಿಂದ ಬಲಗೈ ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆರಳು ಇತ್ತು. ಉಳಿದದ್ದು ಇರಲಿಲ್ಲ. ಒಂದು ಗಳಿಗೆ ಹಾಗೇ ಇಟ್ಟು, ಅದೇ ಕೈಯ ಮಣಿಕಟ್ಟಿನಿಂದ ಮುಚ್ಚಳದ ಸಾಲನ್ನು ನೇರ ಮಾಡಿದರು.

"ನನಗೆ ಗೊತ್ತಿರಲಿಲ್ಲಮ್ಮ" ಎಂದ. ಹೇಳಿದ ಮೇಲೆ ಆ ಮಾತು ಅವನಿಗೇ ಸಾಲದೆನಿಸಿತು.

"ಗೊತ್ತಿರಲಿಲ್ಲ, ಸರಿ. ಅಣ್ಣ ಮನೇಲಿ ಕೂತು ಹಾಡಿದ್ದು, ಕ್ಯಾಸೆಟ್ಟಿನಲ್ಲಿ ಮೆಷಿನ್ ಸದ್ದು ಇರಲಿಲ್ಲ. ಆದರೆ ಅಲ್ಲಿ ಅವನು ಬಾಯಿ ಮುಚ್ಚಿದ್ದ ಅನ್ನೋದು ನಿಮಗೆ ಕೇಳಿಸಿತ್ತು. ಯಾಕೆ ಅಂತ ಒಂದು ಸಲ ಬಂದು ಕೇಳಬಹುದಿತ್ತು. ಈ ರಸ್ತೆ ಆಗಲೂ ಇತ್ತು."

ಅವನು ತಲೆ ತಗ್ಗಿಸಿದ. ಪಶ್ಚಾತ್ತಾಪ ನಿಜವಾದದ್ದೇ, ಅದರಲ್ಲಿ ಅನುಮಾನ ಬೇಡ. ಇನ್ನೆಂದೂ ಆ ಚಪ್ಪಾಳೆ ಹಾಕುವುದಿಲ್ಲ, ಈ ಕಥೆಯನ್ನು ಎಲ್ಲರಿಗೂ ಹೇಳುತ್ತೇನೆ, ಕವಿ ಹೇಗೆ ಹಾಡಿದ್ದನೋ ಹಾಗೇ ಹಾಡುತ್ತೇನೆ ಎಂದೆಲ್ಲ ತೊದಲಿದ.

ಆಕೆ ಮುಚ್ಚಳದ ಇನ್ನೊಂದು ಸಾಲು ಮುಗಿಸಿದರು. "ನನ್ನ ಎದೆಯೂ ಅಣ್ಣನದರ ಹಾಗೇ ಆಗ್ತಿದೆ. ಇನ್ನೂ ನಲವತ್ತು ಹಾಡಿವೆ, ನನ್ನ ಜೊತೆ ಸುಡುಗಾಡಿಗೆ ಹೋಗೋದು ನನಗೂ ಬೇಡ. ಹಕ್ಕಿ ಹಾಡು ಐದು ಸುತ್ತು ಹೇಳಿ. ನಾಲ್ಕನೇದನ್ನ ಖಾಲಿ ಬಿಡಿ. ಬಿಟ್ಟರೆ ಎಲ್ಲಾ ಕಲಿಸ್ತೀನಿ."

ಗಾಯಕನಿಗೆ ಹೋದ ಜೀವ ಬಂದಂತಾಯಿತು. ಐದು ಸುತ್ತು! ನಿದ್ದೆಯಲ್ಲೂ ಹಾಡುವ ಹಾಡು. ಗಂಟಲು ಸರಿಮಾಡಿಕೊಂಡ. ಆಕೆ ಕೈಯೆತ್ತಿ, "ತಡೀರಿ" ಎಂದು ಒಳಗೆ ಕೂಗಿದರು: "ಮೇನ್ ಸ್ವಿಚ್ ತೆಗೀರಮ್ಮ, ಇವರು ಹಾಡ್ತಾರೆ!"

ಬೆಲ್ಟು ಉಸ್ಸೆಂದು ನಿಂತಿತು. ಆರೂ ಹೆಂಗಸರು ಸ್ಟೂಲು ತಿರುಗಿಸಿ ಕೂತರು. ಅವನು ಹಾಡುವಾಗ ಮೆಷಿನ್ನು ಓಡಬಾರದು ಎಂಬುದು ಅವನಿಗೆ ತಡವಾಗಿ ಅರ್ಥವಾಯಿತು. ಮುಖ ಕಾದ ತಗಡಿನಂತಾಯಿತು.

ಕೈಗಳನ್ನು ತೊಡೆಗೆ ಒತ್ತಿ ಹಿಡಿದು ಹಾಡಿದ. ಮೊದಲ ಸುತ್ತಿನ ಕೊನೆಯ ಖಾಲಿ ಜಾಗ ಮುಗಿಯುವಂತೆಯೇ ಇರಲಿಲ್ಲ. ಎರಡನೆಯದೂ ದಾಟಿತು. ಧ್ವನಿ ಕಾವೇರಿತು, ತಗಡಿನ ಶೆಡ್ಡು ಅದನ್ನು ಎತ್ತಿ ಹಿಡಿಯಿತು, ವೇದಿಕೆಯಲ್ಲಾಗುವಂತೆ ಕಣ್ಣು ತಾನಾಗಿ ಮುಚ್ಚಿತು. ಮೂರನೆಯ 'ಬಾ ಗೂಡಿಗೆ' ಮುಗಿದದ್ದೇ ಶೆಡ್ಡಿನಲ್ಲಿ ಚಪ್ಪಾಳೆ ಮೊಳಗಿತು. ಕಣ್ಣು ಬಿಟ್ಟರೆ ಅವನ ಎರಡೂ ಅಂಗೈ ಎದೆಯ ಮುಂದೆ ಜೋಡಿಯಾಗಿದ್ದವು.

"ಇನ್ನೊಂದು ಸಲ" ಎಂದ. ಯಾರೂ ಬೇಡವೆನ್ನಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಎರಡನೆಯ ಸುತ್ತಿಗೇ ಪಾದ ನೆಲಕ್ಕೆ ಬಿತ್ತು. ಮೂರನೆಯ ಸಲ ಕಾಲನ್ನೂ ಬಿಗಿಹಿಡಿದ, ಬೆವರು ಕಿವಿಯ ಹಿಂದೆ ಇಳಿಯಿತು. ನಾಲ್ಕು ಸುತ್ತು ದಾಟಿದ. ಇನ್ನೊಂದೇ ಇತ್ತು. ಐದನೆಯದರ ಕೊನೆಗೆ ಅವನು ಕಲ್ಲಿನಂತೆ ನಿಂತ, ನಾಲಗೆ ಸಹ ಅಲುಗಲಿಲ್ಲ. ಆದರೆ ಚಪ್ಪಾಳೆ ಬಿತ್ತು. ಮೂರನೆಯ ಮೆಷಿನ್ನಿನ ಮುಂದೆ ಕೂತಿದ್ದ, ಹೊಸದಾಗಿ ಸೇರಿದ ಹುಡುಗಿ, ಮುಖ ಅರಳಿಸಿಕೊಂಡು ಸರಿಯಾದ ಎಣಿಕೆಗೆ ಕೈ ತಟ್ಟಿದ್ದಳು. ತಟ್ಟಿದವಳೇ ಬೆಚ್ಚಿ, ಎರಡೂ ಕೈಯನ್ನು ಏಪ್ರನ್ನಿನೊಳಗೆ ತೂರಿಸಿದಳು.

"ಸಾಕು" ಎಂದರು ಕವಿಯ ತಂಗಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ನಿಮ್ಮನ್ನ ಬೈದು ಏನು ಪ್ರಯೋಜನ ಅಪ್ಪಾ. ಅವತ್ತು ನನ್ನ ಕೈಯೂ ನನ್ನ ಮಾತು ಕೇಳಲಿಲ್ಲ, ಹಾಡಿನ ಮಾತು ಕೇಳ್ತು. ಇವಳಿಗೆ ನೀವು ಕಲಿಸಿದ್ದನ್ನ ನಾನು ಇನ್ನು ಮರೆಸಬೇಕು. ಹೊರಡಿ."

"ಮತ್ತೆ ಆ ನಲವತ್ತು ಹಾಡು..."

"ಇಲ್ಲೇ ಇರಲಿ."

ಅವನು ಅಂಗಳಕ್ಕಿಳಿದ. ಬೆನ್ನ ಹಿಂದೆ ಆಕೆ ಒಳಗಿನವರಿಗೆ ಹೇಳುವುದು ಕೇಳಿಸಿತು: "ಈಗಲೇ ಸ್ವಿಚ್ ಹಾಕಬೇಡಿ. ಇವರು ಹೋಗಲಿ."

ಅಂಗಳ ಅಷ್ಟು ಉದ್ದವಿದೆಯೆಂದು ಬರುವಾಗ ಗೊತ್ತಾಗಿರಲಿಲ್ಲ. ಶೆಡ್ಡಿನಿಂದ ಒಂದು ಸದ್ದೂ ಇಲ್ಲ; ಆರು ಜನ ಕೈ ಮಡಿಲಲ್ಲಿಟ್ಟುಕೊಂಡು ಅವನು ತೊಲಗುವುದನ್ನು ಕಾಯುತ್ತಿದ್ದರು. ಗೇಟು ದಾಟಿದ. ಕಾರಿನಿಂದ ಭಾವ ಕತ್ತು ಹೊರಗೆ ಹಾಕಿ, "ಸಿಕ್ತೇನೋ?" ಎಂದು ಕೇಳಿದರು. ಅವನು ಉತ್ತರಿಸುವ ಮೊದಲು ಕಾವಲುಗಾರ ಗೇಟಿಗೆ ಅಗಳಿ ಹಾಕಿ, ಶೆಡ್ಡಿನ ಕಡೆ ತಿರುಗಿ, ಹೋದರು ಎಂಬಂತೆ ಕೈಯೆತ್ತಿ ತೋರಿಸಿದ. ಆಮೇಲೆ ಒಳಗೆ ಆರೂ ಮೆಷಿನ್ನು ಒಟ್ಟಿಗೆ ಶುರುವಾದವು.