ಪಿಟೀಲಿನ ಹೊತ್ತಿನಲ್ಲಿ

“ಎಲ್ಲರಿಗೂ ಶುಭೋದಯ,” ಎಂದಿತು ರೇಡಿಯೊ.

“ನಿಮಗೂ ಆಗ್ಲಿ ಸ್ವಾಮಿ,” ಎಂದು ನೆರೆಯ ಮುದುಕ ಎಲೂತೆರಿಯೊ ಟೋಪಿ ತೆಗೆದ. ದಿನಾ ಹೀಗೆ ಉತ್ತರ ಕೊಟ್ಟ ಮೇಲೆಯೇ ಅವನು ಯೆರ್ಬಾ ಸೊಪ್ಪಿನ ಕಷಾಯದ ಸೋರೆಬುರುಡೆಗೆ ಬಾಯಿ ಹಚ್ಚುವುದು.

ಊರವರು ಗೌರವದಿಂದ ‘ನ್ಯಾ’ ಎನ್ನುವ ಕಾಸಿಲ್ದಾ ತನ್ನ ರೇಡಿಯೊ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಳು. ಮಗಳು ಒದಿಲಿಯಾಳನ್ನು ಹೋದ ವಾರ ಮರದ ಲಾರಿಯಲ್ಲಿ ಮಲಗಿಸಿ ರಾಜಧಾನಿ ಅಸುನ್ಸಿಯೊನ್ನಿನ ಆಸ್ಪತ್ರೆಗೆ ಒಯ್ದಿದ್ದರು. ಮಗು ಹೊಟ್ಟೆಯಲ್ಲಿ ಅಡ್ಡ ತಿರುಗಿದೆ, ಇದು ನನ್ನ ಕೈಮೀರಿದ್ದು ಎಂದು ಸೂಲಗಿತ್ತಿ ಎದ್ದುಬಿಟ್ಟಿದ್ದಳು. “ಏನಾದ್ರೂ ರೇಡಿಯೊದಲ್ಲಿ ಹೇಳಿಸ್ತೀನಿ ಅತ್ತೆ,” ಎಂದು ಅಳಿಯ ಲಾರಿ ಹತ್ತುವಾಗ ಹೇಳಿದ್ದ. ನಮ್ಮ ಕಡೆಗೆ ಟಪಾಲೂ ಇಲ್ಲ, ತಂತಿಯೂ ಇಲ್ಲ. ಸಂಜೆಯ ಜಪಸರ ಮುಗಿದ ಮೇಲೆ ದೇಶದ ರೇಡಿಯೊ ಹಳ್ಳಿಗಳವರ ಸಂದೇಶಗಳನ್ನು ಓದುತ್ತದೆ. ಹುಟ್ಟು, ಸಾವು, ಸೇತುವೆಗೆ ಕುದುರೆ ಕಳಿಸಿ ಎಂಬ ಮಾತು, ಎಲ್ಲ ಬರುವುದು ಆ ದಾರಿಯಲ್ಲೇ.

ಬ್ಯಾಟರಿ ಮಾತ್ರ ಕೊನೆಯುಸಿರು ಎಳೆಯುತ್ತಿತ್ತು. ಅದಕ್ಕೆ ಜೀವ ತುಂಬಿಸಬೇಕಾದರೆ ಹಿಟ್ಟಿನ ಗಿರಣಿಗೆ ಒಯ್ಯಬೇಕು. ಮಳೆಗೆ ದಾರಿ ಕೆಸರಾಗಿ ಎತ್ತಿನಗಾಡಿ ಹೊರಡುವ ಹಾಗಿರಲಿಲ್ಲ.

“ಹಂಗಾದ್ರೆ ಸಂಜೆವರ್ಗೂ ಮುಚ್ಚಿಡೋದು ತಾನೆ?” ಎಂದಳು ಪಕ್ಕದ ಮನೆಯ ಪತ್ರೊಸಿನಿಯಾ.

“ಬಂದೋರನ್ನ ವಾಪಸ್ ಕಳಿಸ್ಲಾ?” ಎಂದಳು ಕಾಸಿಲ್ದಾ.

ಅದು ಆಗದ ಮಾತು. ನಮ್ಮಲ್ಲಿ ರೇಡಿಯೊ ಇರುವ ಮನೆ ಬಾವಿ ಇರುವ ಮನೆಯ ಹಾಗೆ. ನೀರಿಗೆ ಬಂದವರನ್ನು ಬೇಡ ಎನ್ನಲಾಗುವುದಿಲ್ಲ. ಅವರವರ ಕಾರ್ಯಕ್ರಮದ ಹೊತ್ತಿಗೆ ಅವರವರು ಬರುತ್ತಾರೆ.

ದಾರಿ ತೋರಿಸಿದವನು ಎಲೂತೆರಿಯೊ. “ಒಬ್ನೇ ಮಾತಾಡಿದ್ರೆ ಎಷ್ಟು ತಿಂತಾನೆ? ಒಬ್ನಷ್ಟೇ. ಗುಂಪು ಬಂದಾಗ ಬ್ಯಾಟರಿಗೆ ಭಾರ. ಗುಂಪು ಬಂದ್ರೆ ಮುಚ್ಚು, ಒಬ್ಬ ಇದ್ರೆ ಬಿಡು.”

ಯಾರೂ ಅನುಮಾನಪಡಲಿಲ್ಲ. ಗಾಡಿಗೆ ಹತ್ತು ಜನ ಹತ್ತಿದರೆ ಎತ್ತು ದಣಿಯುವುದನ್ನು ಎಲ್ಲರೂ ಕಂಡವರೇ.

ಹಾಗಾಗಿ ದನದ ಉಣ್ಣಿ ಹುಳದ ಬಗ್ಗೆ ಮಾತಾಡಿದ ಪಶುವೈದ್ಯನಿಗೆ ಅಡ್ಡಿಯಾಗಲಿಲ್ಲ. ಅವನ ಹಿಂದೆ ಅಡುಗೆ ಹೇಳಿಕೊಡುವ ಹೆಂಗಸು ಬಂದಳು. ಬೆಣ್ಣೆ ಇಷ್ಟು, ಮೊಟ್ಟೆ ಇಷ್ಟು, ಹದವಾದ ಉರಿಯಲ್ಲಿ ಇಷ್ಟು ಹೊತ್ತು ಎನ್ನುತ್ತಾ ಹೋದಳು.

“ಇವಳ ಮನೇಲಿ ಮರಗೆಣಸು ಬೇಯ್ಸೋದೇ ಇಲ್ವಾ?” ಎಂದಳು ಪತ್ರೊಸಿನಿಯಾ.

“ಬೇಯ್ಸೋಕೆ ಬೇರೆಯವಳು ಇರ್ತಾಳೆ. ಇವಳು ಬರೀ ಹೇಳ್ತಾಳೆ,” ಎಂದಳು ಕಾಸಿಲ್ದಾ.

ಮಧ್ಯಾಹ್ನದ ಗಂಟೆಗೆ ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು. ಊಟದ ಹೊತ್ತಿನ ಹಾರ್ಪ್ ವಾದ್ಯಗಾರ ಒಬ್ಬನೇ ಆದ್ದರಿಂದ ಉಳಿದುಕೊಂಡ. ಅವನ ಬೆನ್ನಿಗೆ ಧಾರಾವಾಹಿ ನಾಟಕ. ಅಪ್ಪ, ಮಗಳು, ಸಿಪಾಯಿ, ಮೂವರೇ ಎಂದು ಎಲೂತೆರಿಯೊ ಬೆರಳು ಮಡಚಿ ಅಪ್ಪಣೆ ಕೊಟ್ಟ. ಅಷ್ಟರಲ್ಲಿ ಮದುವೆಯ ದಿಬ್ಬಣ ಬಂದುಬಿಟ್ಟಿತು.

“ಮುಚ್ಚು, ಮುಚ್ಚು,” ಎಂದ ಅವನು.

“ಅಜ್ಜ, ಮದುವೆ ನಿಲ್ಲುತ್ತೋ ಏನೋ ಗೊತ್ತಾಗೋ ಹೊತ್ತು,” ಎಂದು ಪತ್ರೊಸಿನಿಯಾ ಸಿಡುಕಿದಳು.

“ನಿಂದು ನಿಲ್ಲಲಿಲ್ವಲ್ಲ, ಅದೂ ನಿಲ್ಲಲ್ಲ ಬಿಡು.”

ಸ್ವಲ್ಪ ಹೊತ್ತಿನ ಮೇಲೆ ಕಾಸಿಲ್ದಾ ಗುಂಡಿ ತಿರುಗಿಸಿ ಮತ್ತೆ ಕಿವಿಗೊಟ್ಟಳು. ದಿಬ್ಬಣ ಹೋಗಿತ್ತು. “ಈಗ ಅರವತ್ತು ಮಂದಿ ವಾದ್ಯಗಾರರ ಮೇಳ,” ಎಂದ ಉದ್ಘೋಷಕ. ಅವನು ಮಾತು ಮುಗಿಸುವ ಮೊದಲೇ ಪೆಟ್ಟಿಗೆ ಮೌನವಾಯಿತು. ಅರವತ್ತು ಪಿಟೀಲು. ಮುದುಕ ತಲೆಯಲ್ಲಾಡಿಸಿದ. ಆ ಮೇಳ ಮುಗಿಯುವಷ್ಟು ಹೊತ್ತು ಅವರು ಕಡಲೆಕಾಯಿ ಸುಲಿಯುತ್ತಾ ಕೂತರು.

“ಬ್ಯಾಟರಿ ಸತ್ರೆ ಹೊಳೆ ಆಚೆ ವೆನ್ಸೆಸ್ಲಾವೊ ಮನೇಲಿ ಹೊಸ ಪೆಟ್ಟಿಗೆ ಇದೆಯಲ್ಲ,” ಎಂದಳು ಪತ್ರೊಸಿನಿಯಾ ಮೆಲ್ಲಗೆ.

ಕಾಸಿಲ್ದಾ ತಲೆ ಎತ್ತಲಿಲ್ಲ. “ಅಲ್ಲಿಗೆ ನನ್ನ ಹೆಣ ಹೋಗಬೇಕು.”

ವೆನ್ಸೆಸ್ಲಾವೊ ಅವಳ ಗಂಡನ ಗೆಳೆಯ, ಒದಿಲಿಯಾಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವನು. ಹಬ್ಬದ ಬೆಳಿಗ್ಗೆ ಹುಡುಗಿ ಅವನ ಮುಂದೆ ಕೈಮುಗಿದು ಆಶೀರ್ವಾದ ಬೇಡುತ್ತಿದ್ದಳು. ಕಾಸಿಲ್ದಾಳ ಗಂಡ ತೀರಿಕೊಂಡ ಮೇಲೆ ಎರಡೂ ಮನೆಗಳ ಜಮೀನಿನ ಗಡಿಯ ಮೇಲಿದ್ದ ಲಪಾಚೊ ಮರವನ್ನು ಅವನು ಒಂದು ಮಾತು ಕೇಳದೆ ಕಡಿದು ಗಾಡಿ ಮಾಡಿಸಿಕೊಂಡ. ಮರ ತನ್ನದೇ ಎಂದ. ಅಂದಿನಿಂದ ಎರಡು ಮನೆಗಳ ನಡುವೆ ನಾಯಿಗಳು ಮಾತ್ರ ಓಡಾಡುತ್ತಿದ್ದವು.

ಸಂಜೆ ಜಪಸರಕ್ಕೆ ಹೊಲದವರೆಲ್ಲ ಬಂದು ಮಣ್ಣಿನ ನೆಲದ ಮೇಲೆ ಮೊಣಕಾಲೂರಿದರು. ಪಾದ್ರಿಗಳು ಒಬ್ಬರೇ. “ಉತ್ತರ ಹೇಳೋರು ನಾವು, ಹೊರಗಿದ್ದೀವಿ. ಬ್ಯಾಟರಿಗೆ ಭಾರ ಇಲ್ಲ,” ಎಂದ ಎಲೂತೆರಿಯೊ. ಪಾದ್ರಿಗಳ ಧ್ವನಿ ಸೊಳ್ಳೆಯ ಗುಯ್‌ಗುಡುವಿಕೆಗೆ ಇಳಿದಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಪ್ರಾರ್ಥಿಸಿದರು. ಕಾಸಿಲ್ದಾಳ ತುಟಿ ಅಲುಗುತ್ತಿತ್ತು, ಕಣ್ಣು ಪೆಟ್ಟಿಗೆಯ ಮೇಲಿತ್ತು.

ಆಮೇಲೆ ಸಂದೇಶಗಳು ಶುರುವಾದವು. ವಾಡಿಕೆಯಂತೆ ಒಂದೊಂದನ್ನೂ ಎರಡೆರಡು ಸಲ ಓದಿದರು. ದೋನ್ ಇಲಾರಿಯೊ ಗುರುವಾರ ಸೇತುವೆಗೆ ಎರಡು ಕುದುರೆ ಕಳಿಸಬೇಕು. ದೋಣಿಯ ಸೆವೆರೊನ ತಮ್ಮ ಕೆಲಸಕ್ಕೆ ಸೇರಿದ್ದಾನೆ, ಕ್ಷೇಮ.

“ಸೆವೆರೊಗೆ ಯಾರು ಹೇಳ್ತೀರಿ?” ಎಂದು ಮುದುಕ ಪಿಸುಗುಟ್ಟಿದ.

“ನಾನು ಹೋಗ್ತಾ ಹೇಳ್ತೀನಿ,” ಎಂದ ಒಬ್ಬ. ಬೇರೆಯವರ ಸಂದೇಶ ಯಾರ ಕಿವಿಗೆ ಬಿತ್ತೋ ಅದನ್ನು ಮುಟ್ಟಿಸುವುದು ಅವರದ್ದೇ ಹೊಣೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ.

ಪಟ್ಟಿ ಮುಗಿಯಿತು. ಬ್ಯಾಟರಿ ಕೊನೆಯ ಹೆಸರಿನವರೆಗೂ ಬದುಕಿತ್ತು. ಕಾಸಿಲ್ದಾಳ ಹೆಸರು ಬರಲಿಲ್ಲ.

“ನಾಳೆ ಓದ್ತಾರೆ ಬಿಡಮ್ಮ,” ಎಂದ ಎಲೂತೆರಿಯೊ. ಅವಳು ಗುಂಡಿ ತಿರುಗಿಸಿ, ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು.

ಬೇಲಿಯ ಹೊರಗೆ ಯಾರೋ ಮನೆಯವರನ್ನು ಕರೆಯಲು ಚಪ್ಪಾಳೆ ತಟ್ಟಿದರು. ಮಬ್ಬುಗತ್ತಲಲ್ಲಿ ಕುದುರೆಯ ಮೇಲೆ ವೆನ್ಸೆಸ್ಲಾವೊ ಇದ್ದ. ಕುದುರೆ ಹೊಟ್ಟೆಯವರೆಗೆ, ಅವನು ಎದೆಯವರೆಗೆ ತೊಯ್ದಿದ್ದರು. ಮನೆಯವರು ಇಳಿ ಎನ್ನದೆ ಸವಾರ ಇಳಿಯುವಂತಿಲ್ಲ. ಯಾರೂ ಹೇಳಲಿಲ್ಲ. ಅವನು ಅಲ್ಲಿಂದಲೇ ಟೋಪಿ ತೆಗೆದ.

“ಪಿಟೀಲಿನವರನ್ನ ಮಧ್ಯದಲ್ಲಿ ನಿಲ್ಸಿ ಓದಿದ್ರು. ತುರ್ತು ಅಂತ. ನೀವೂ ಕೇಳಿರ್ತೀರಿ ಅಂದ್ಕೊಂಡೆ. ಆದ್ರೂ ಕಿವಿಗೆ ಬಿದ್ದ ಮೇಲೆ ಬರಬೇಕಲ್ಲ. ಹೊಳೆ ಬಿಡ್ಲಿಲ್ಲ, ಮೇಲಿನ ಕಡವಿನಿಂದ ಸುತ್ತಿ ಬಂದೆ.”

“ಕೇಳಿಲ್ಲ,” ಎಂದಳು ಕಾಸಿಲ್ದಾ.

ಎಲೂತೆರಿಯೊ ತನ್ನ ಕಾಲಿನ ಹೆಬ್ಬೆರಳನ್ನೇ ನೋಡಿಕೊಂಡ.

ವೆನ್ಸೆಸ್ಲಾವೊ ತಡಿಯ ಮೇಲೆ ನೆಟ್ಟಗೆ ಕೂತು, ಉದ್ಘೋಷಕ ಓದಿದ ಹಾಗೆಯೇ ಒಪ್ಪಿಸಿದ. “ನ್ಯಾ ಕಾಸಿಲ್ದಾ ಅವರಿಗೆ. ಒದಿಲಿಯಾ ಅಪಾಯದಿಂದ ಪಾರಾಗಿದ್ದಾಳೆ. ಹೆಣ್ಣು ಮಗು. ತುರ್ತಾಗಿ ಜ್ಞಾನಸ್ನಾನ ಮಾಡಿಸಿ ತಮ್ಮ ಹೆಸರನ್ನೇ ಇಟ್ಟೆವು. ಬೆಳಗಿನ ಜಾವ ದೇವದೂತೆಯಾಗಿ ಹೋದಳು.”

ಒಳಗೆ ಯಾರೋ ಬಿಕ್ಕಿದರು. “ಶ್,” ಎಂದಳು ಪತ್ರೊಸಿನಿಯಾ. ಜ್ಞಾನಸ್ನಾನವಾದ ಹಸುಗೂಸು ಹೋದರೆ ಅಳಬಾರದು. ಕಣ್ಣೀರಿಗೆ ರೆಕ್ಕೆ ನೆನೆದು ಭಾರವಾದರೆ ಅದು ದೇವರ ಬಳಿಗೆ ಹಾರಲಾರದು. ನಮ್ಮಲ್ಲಿ ಮಕ್ಕಳಿಗೂ ಇದು ಗೊತ್ತು.

ಎರಡನೆಯ ಸಲ ಹೇಳಲು ಅವನು ಮತ್ತೆ ಬಾಯಿ ತೆರೆದ. “ನ್ಯಾ ಕಾಸಿಲ್ದಾ ಅವರಿಗೆ. ಒದಿಲಿಯಾ...”

“ಸಾಕು,” ಎಂದಳು ಅವಳು. “ಇಳೀರಿ.”

ಅವನು ಇಳಿದ. ಚಳಿಗೆ ಸೆಟೆದಿದ್ದ ಅವನ ಬೆರಳುಗಳಿಂದ ಅವಳೇ ಲಗಾಮು ಬಿಡಿಸಿಕೊಂಡಳು. ತಡಿಯ ಪಟ್ಟಿ ಬಿಚ್ಚಿ, ಅದರಡಿಯ ಕುರಿ ಉಣ್ಣೆಯ ಹಾಸನ್ನು ಎಳೆದು, ಅಂಗಳದ ಅಂಚಿಗೆ ಒಯ್ದು ಹಿಂಡತೊಡಗಿದಳು. ನೀರು ಧಾರೆಯಾಗಿ ಇಳಿಯಿತು. ಮಡಚಿ ಮತ್ತೆ ಹಿಂಡಿದಳು, ತಿರುಗಿಸಿ ಹಿಂಡಿದಳು. ಅವನು ಸಹಾಯಕ್ಕೆಂದು ಬಂದು ಇನ್ನೊಂದು ತುದಿ ಹಿಡಿದ. ಹಾಸಿನಲ್ಲಿ ಆಗಲೇ ನೀರು ಉಳಿದಿರಲಿಲ್ಲ. ಆದರೂ ಇಬ್ಬರೂ ಅದನ್ನು ಆಚೆಗೊಬ್ಬರು ಈಚೆಗೊಬ್ಬರು ತಿರುವುತ್ತಲೇ ಇದ್ದರು.