ನಲವತ್ತು ನಿಮಿಷಕ್ಕೆ ಕಲ್ಲಾಗುವ ಯಂತ್ರ

೧೯೮೮ರ ದೀಪಾವಳಿ ಕಳೆದ ಮೇಲೆ ಹೊಸನಗರದ ನಮ್ಮ ಅಡಿಕೆ ಬೆಳೆಗಾರರ ಸಂಘದ ಎರಡೂ ಕಂಪ್ಯೂಟರುಗಳಿಗೆ ಒಂದೇ ರೋಗ ಹಿಡಿಯಿತು. ಬೆಳಿಗ್ಗೆ ಚುರುಕಾಗಿ ಏಳುತ್ತಿದ್ದವು. ಹಸಿರು ಅಕ್ಷರಗಳು ಮೂಡುತ್ತಿದ್ದವು. ಸರಿಯಾಗಿ ನಲವತ್ತು ನಿಮಿಷಕ್ಕೆ ಕೂತಲ್ಲೇ ಕಲ್ಲು! ಯಾವ ಕೀ ಒತ್ತಿದರೂ ಹೂಂ ಇಲ್ಲ, ಉಹೂಂ ಇಲ್ಲ. ಆರಿಸಿ ಮತ್ತೆ ಹಾಕಿದರೆ ಅಷ್ಟು ಹೊತ್ತು ಕುಟ್ಟಿದ್ದೆಲ್ಲ ಮಾಯ. ಗೋದಾಮಿನಲ್ಲಿ ಯಾರ ಅಡಿಕೆ ಮೂಟೆ ಯಾವ ಸಾಲಿನಲ್ಲಿದೆ ಎಂದು ಹೇಳುವ ನಮ್ಮ ಹಳೇ ಪ್ರೋಗ್ರಾಮು, ಕೊನೆಯ ಮೂಟೆ ಬರೆಯುವ ತನಕ ಫ್ಲಾಪಿಗೆ ಏನನ್ನೂ ಇಳಿಸುತ್ತಿರಲಿಲ್ಲ.

ಶಿವಮೊಗ್ಗದಿಂದ ಬಂದ ಮೆಕ್ಯಾನಿಕ್ ಯಂತ್ರದ ಎದುರು ಕೂತು ಎರಡು ಲೋಟ ಕಾಫಿ ಕುಡಿದ. "ಎರಡು ಮಿಷನ್ನು ಒಟ್ಟಿಗೇ ಕೆಡಲ್ಲ ಸರ್. ಪ್ರೋಗ್ರಾಮಿಗೇ ವಯಸ್ಸಾಗಿದೆ," ಎಂದು ತೀರ್ಪು ಕೊಟ್ಟು ಬಸ್ಸು ಹತ್ತಿದ.

ಸೆಕ್ರೆಟರಿ ಶೇಷಪ್ಪನವರು ಯಂತ್ರ ವಾಪಸು ಕಳಿಸುವ ಪತ್ರ ಬರೆದೇಬಿಟ್ಟರು. "ನಾಳೆ ಹರಾಜು, ಶರಾವತಿ. ಇವತ್ತು ನಾಲ್ಕು ಗಂಟೆ ಒಳಗೆ ಮೂಟೆ ಪಟ್ಟಿ ಬರ್ಬೇಕು. ಇಲ್ಲಾಂದ್ರೆ ನಾಲ್ಕೂವರೆ ಬಸ್ಸಿಗೆ ಈ ಪತ್ರ ಹೋಗ್ತದೆ. ನೀನೂ ಬೇರೆ ಕೆಲ್ಸ ನೋಡ್ಕಳದೇಯ ಮಾರಾಯ್ತಿ."

ನನ್ನದು ಆ ಯಂತ್ರಗಳಿಗಾಗಿಯೇ ಹುಟ್ಟಿದ ಹಂಗಾಮಿ ಕೆಲಸ. ಅವು ಹೋದರೆ ನಾನೂ ಹೋದಂತೆ.

ಕಲ್ಲಾದ ಪರದೆ ನೋಡುತ್ತ ಕೂತವಳಿಗೆ ಚಿಕ್ಕವಳಿದ್ದಾಗ ನಮ್ಮ ಹೂವಮ್ಮಜ್ಜಿ ಹೇಳುತ್ತಿದ್ದ ಕತೆ ನೆನಪಾಯಿತು. ಒಬ್ಬ ರಾಜಕುಮಾರಿ ದಿನಾ ಮಾತಾಡುತ್ತಾ ಆಡುತ್ತಾ ಕಲ್ಲಾಗುವಳು. ವೈದ್ಯರೆಲ್ಲ ನಾಡಿ ಹಿಡಿದು ಸೋತರು. ಆಮೇಲೆ ಬಂದ ಹೂಗಾರ್ತಿ ಅವಳನ್ನು ಮುಟ್ಟಲೇ ಇಲ್ಲ. ಮೊದಲ ಸಲ ಕಲ್ಲಾಗುವ ಹಿಂದಿನ ದಿನ ಏನೇನಾಯಿತು ಎಂದು ಅರಮನೆಯವರನ್ನೆಲ್ಲ ಕೇಳುತ್ತ ಹೋದಳು. ಮುಂದೇನಾಯಿತೋ, ಅಷ್ಟು ಹೊತ್ತಿಗೆ ನನಗೆ ಯಾವಾಗಲೂ ನಿದ್ದೆ.

ಮಧ್ಯಾಹ್ನದ ಕಾಫಿ ತಂದ ಜವಾನ ತಿಮ್ಮಣ್ಣನನ್ನೇ ಮೊದಲು ಹಿಡಿದೆ.

"ತಿಮ್ಮಣ್ಣ, ಹಬ್ಬದ ಮುಂಚೆ ಇವು ಸರಿ ಇದ್ವಲ್ಲ?"

"ಮುತ್ತಿನಂಗಿದ್ವು."

"ಹಬ್ಬದ ದಿನ ಯಾರಾದ್ರೂ ಬಾಗ್ಲು ತೆಗೆದಿದ್ರಾ?"

"ನಾನೇಯ. ಗೋದಾಮಿನ ತಕ್ಕಡಿಗೆ, ಲಾರಿಗೆ ಎಲ್ಲ ಹಬ್ಬ ಮಾಡ್ಬೇಕಲ್ಲ?"

"ಇವಕ್ಕೆ?"

ತಿಮ್ಮಣ್ಣ ನೆಲ ನೋಡಿದ. "ಎಂತ ಮಾಡದು ಶರಾವತಮ್ಮ, ಎಲ್ಲದಕ್ಕೂ ಮಾಡಿ ಇವನ್ನ ಬಿಟ್ರೆ ಬೇಜಾರು ಮಾಡ್ಕಳಲ್ವಾ? ಸಾಹೇಬ್ರು ಬೈತಾರೆ ಅಂತ ಮುಖ ಮುಟ್ಲಿಲ್ಲ. ಬೆನ್ನಿಗಷ್ಟೇ ಹಚ್ಚಿದೆ."

ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಯಂತ್ರವನ್ನು ಇಬ್ಬರೂ ಸೇರಿ ತಿರುಗಿಸಿದೆವು. ದೀಪಾವಳಿಗೆ ದನಕ್ಕೆ, ನೇಗಿಲಿಗೆ ಮಾಡುವ ಹಾಗೆಯೇ ಮಾಡಿದ್ದ: ದಪ್ಪಗೆ ಕೆಮ್ಮಣ್ಣು ಬಳಿದು, ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಬಿಳಿ ಜೇಡಿಯಲ್ಲಿ ಅದ್ದಿ ಒತ್ತಿದ ಐದು ಉಂಗುರ. ಎಷ್ಟು ಚಂದ! ಆದರೆ ಗಾಳಿಯಾಡುವ ಸೀಳುಗಳೆಲ್ಲ ಮಣ್ಣು ತುಂಬಿ ಮುಚ್ಚಿಹೋಗಿದ್ದವು. ಒಳಗೆ ಫ್ಯಾನು ಗಿರ್ರೆಂದು ಸುತ್ತುತ್ತಲೇ ಇತ್ತು. ಪಾಪ, ಬಿಸಿ ಹೊರಗೆ ಹೋಗಲು ದಾರಿಯಿರಲಿಲ್ಲ. ಕೈಯಿಟ್ಟರೆ ಕಾವಲಿ.

"ಅಯ್ಯೋ, ನಾನೇ ಕೊಂದೆ!" ಎಂದ ತಿಮ್ಮಣ್ಣ.

"ಸತ್ತಿಲ್ಲ, ಉಸಿರು ಕಟ್ಟಿದೆ. ಹಳೇ ಹಲ್ಲುಜ್ಜೋ ಬ್ರಶ್ ಇದ್ರೆ ತಗಂಬಾ."

ಕರೆಂಟು ತೆಗೆದು, ನನ್ನ ಹೇರ್‌ಪಿನ್ನಿನಿಂದ ಒಂದೊಂದೇ ಸೀಳು ಕೆರೆದೆ. ಅವನು ಬ್ರಶ್ಶಿನಲ್ಲಿ ಉಜ್ಜಿದ. ಎರಡು ಗಂಟೆಗೆ ಯಂತ್ರ ಹಾಕಿ ಮೊದಲ ಮೂಟೆಯಿಂದ ಶುರುಮಾಡಿದೆ. ಎರಡೂ ಮೂವತ್ತೆಂಟಕ್ಕೆ ತಿಮ್ಮಣ್ಣ ಗಡಿಯಾರದ ಕೆಳಗೆ ಕೈಮುಗಿದು ನಿಂತ. ನಲವತ್ತು. ನಲವತ್ತೊಂದು. ಅಕ್ಷರಗಳು ಓಡುತ್ತಲೇ ಇದ್ದವು. ಮೂರೂ ಐವತ್ತಕ್ಕೆ ಪ್ರಿಂಟರು ಕಿರ್ರೋ ಎಂದು ಪಟ್ಟಿ ಉಗುಳತೊಡಗಿತು.

ಆ ಸದ್ದಿಗೇ ಶೇಷಪ್ಪನವರು ಓಡಿ ಬಂದರು. "ಎಂತಾಗಿತ್ತು?"

"ಗಾಳಿ ಕಟ್ಟಿತ್ತು ಸಾರ್."

ಅವರ ಕಣ್ಣು ತಿಮ್ಮಣ್ಣನ ಕೆಂಪು ಕೈಗೆ ಹೋಯಿತು, ಅಲ್ಲಿಂದ ನನ್ನ ಕೆಂಪು ಉಗುರಿಗೆ, ಅಲ್ಲಿಂದ ಇನ್ನೂ ಉಜ್ಜದ ಎರಡನೇ ಯಂತ್ರದ ಬೆನ್ನಿಗೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೊರಳಿಗೆ ಗಂಟೆ ಒಂದು ಕಟ್ಟದು ಬಾಕಿ ಇತ್ತು ನೋಡು!" ಪತ್ರವನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು.

ಹೊರಡುವಾಗ ತಿಮ್ಮಣ್ಣ ಮೆಲ್ಲಗೆ ಕೇಳಿದ: "ಬರೋ ವರ್ಷ ಎಲ್ಲಿ ಹಚ್ಬೇಕು ಅಂತ ಗೆರೆ ಹಾಕ್ಕೊಡ್ತೀರಾ?" ಸೀಳಿಲ್ಲದ ಪಕ್ಕದಲ್ಲಿ, ಒಂದು ಉಂಗುರ ಹಿಡಿಯುವಷ್ಟು ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟೆ.

ಮನೆಗೆ ಬಂದವಳೇ ಅಜ್ಜಿಯನ್ನು ಕೇಳಿದೆ, ಕೊನೆಗೆ ಆ ಹೂಗಾರ್ತಿ ಏನಾದಳು ಅಂತ.

"ಅವ್ಳಿಗೆ ಅರಮನೇಲೇ ಕೆಲ್ಸ ಸಿಕ್ತು ಕಣೇ."

"ಕಾಯಂ ಕೆಲ್ಸಾನಾ, ಹಂಗಾಮಿನಾ?"

"ಅದು ಕತೇಲಿಲ್ಲ. ನಿಮ್ ಶೇಷಪ್ಪನ್ನ ಕೇಳು," ಎಂದಳು ಅಜ್ಜಿ.