ಬಳುವಳಿಯ ಕಂಬಳಿಗಳು

"ಹೊಳೆ ಕಡೆ ಹೋದಳೇನೋ ನೋಡ್ರೋ!" ಎಂದು ತೊದೋಸಿಯಾ ಅಜ್ಜಿ ಅಂಗಳದಿಂದ ಕೂಗಿದಾಗ, ಅಡುಗೆಮನೆಯಲ್ಲಿದ್ದ ಸೊಸೆ ರೊದಿಕಾ ಮೆಕ್ಕೆಜೋಳದ ಮುದ್ದೆ ತಿರುವುವುದನ್ನು ಬಿಟ್ಟು ಓಡಿಬಂದಳು. ಆರು ವರ್ಷದ ಮಗಳು ಇಲಿಂಕಾ ಮನೆಯಲ್ಲಿ ಎಲ್ಲೂ ಇರಲಿಲ್ಲ.

ಅಂದು ಊರಿನ ಚರ್ಚಿನ ಹಬ್ಬ. ಇಜಾ ಕಣಿವೆಯಲ್ಲಿ ಹಬ್ಬಕ್ಕೆ ಬಂದ ನೆಂಟರು ಮಗುವಿನ ಎರಡೂ ಕೆನ್ನೆಗೆ ಮುತ್ತಿಡದೆ ಊಟಕ್ಕೆ ಕೂರುವುದಿಲ್ಲ. ಬೆಳಿಗ್ಗೆ ಗಂಜಿ ಹಾಕಿದ ಕಸೂತಿಯ ಅಂಗಿ ಕುತ್ತಿಗೆಗೆ ತಾಗಿದ್ದೇ ತಡ, ಇಲಿಂಕಾ ಬೆಂಕಿ ತಗುಲಿದವಳಂತೆ ಕಿರುಚಿ ಅದನ್ನು ಕಿತ್ತೆಸೆದಿದ್ದಳು. ಆಮೇಲೆ ಚರ್ಚಿನ ಗಂಟೆ, ಪಿಟೀಲು, ಹುರಿದ ಈರುಳ್ಳಿಯ ಘಾಟು. ಸಾಲದೆಂಬಂತೆ ಗ್ರಿಗೋರೆ ದೊಡ್ಡಪ್ಪನ ಮೀಸೆಯ ಮುತ್ತು. ಅವಳು ಕೆನ್ನೆ ಕೆಂಪಾಗುವಷ್ಟು ಉಜ್ಜಿಕೊಂಡು ಮೇಜಿನಡಿ ನುಸುಳಿದ್ದನ್ನು ಎಲ್ಲರೂ ನೋಡಿದ್ದರು. ಆಮೇಲೆ ನೋಡಿದವರಿಲ್ಲ.

"ಮುತ್ತು ಒರೆಸಿಕೊಳ್ಳೋ ಮಗು ಎಲ್ಲಾದ್ರೂ ಇರುತ್ತಾ? ದೃಷ್ಟಿ ತಾಗಿದೆ ಕಣೇ. ನಾಳೆ ಮಠಕ್ಕೆ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಪಾದ್ರಿಗಳು ವಾರ ಪೂರ್ತಿ ಪ್ರಾರ್ಥನೆ ಓದಲಿ" ಎಂದು ಅಜ್ಜಿ ಆಗಷ್ಟೇ ಹೇಳಿದ್ದಳು. ಪಟ್ಟಣದ ಡಾಕ್ಟರು ಹೇಳಿದ್ದೇ ಬೇರೆ: ನಮಗೆ ಸವರಿದಂತಾಗುವುದು ಈ ಮಗುವಿಗೆ ಚುಚ್ಚಿದಂತಾಗುತ್ತದೆ, ಅದು ಹಟವಲ್ಲ. ಅತ್ತೆಗೆ ಇದನ್ನು ಹೇಳುವ ಧೈರ್ಯ ರೊದಿಕಾಗೆ ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೇ ಪೂರ್ತಿ ನಂಬಿಕೆಯಿರಲಿಲ್ಲ. ಅಪ್ಪಿಕೊಂಡರೆ ಕೊಸರಿಕೊಂಡು ಓಡುವ ಮಗಳಿಗೆ ತಾನೆಂದರೆ ಇಷ್ಟವೇ ಇಲ್ಲವೆಂದು ಎಷ್ಟೋ ಸಲ ಅತ್ತಿದ್ದಳು.

ಗಂಡಸರು ಹೊಳೆಗೆ ಓಡಿದರು. ರೊದಿಕಾ ಮಾತ್ರ ಹಬ್ಬದ ಕೋಣೆಯ ಬಾಗಿಲು ಓರೆಯಾಗಿದ್ದನ್ನು ಕಂಡು ಒಳಹೊಕ್ಕಳು. ಆ ಕೋಣೆಯಲ್ಲಿ ಯಾರೂ ಮಲಗುವುದಿಲ್ಲ. ಇಲಿಂಕಾ ಹುಟ್ಟಿದಂದಿನಿಂದ ಅವಳ ಮದುವೆಗೆಂದು ಅಜ್ಜಿ ನೇಯ್ದ ಉಣ್ಣೆಯ ಕಂಬಳಿಗಳನ್ನು ಅಲ್ಲಿ ತೊಲೆಯವರೆಗೆ ಪೇರಿಸಿಟ್ಟಿದ್ದರು. ಒಂದನ್ನು ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ನೆಂಟರು ಬಾಗಿಲಲ್ಲೇ ನಿಂತು ಹೊಗಳಬೇಕು, ಮುಟ್ಟಬಾರದು.

ಈಗ ಅರ್ಧ ರಾಶಿ ನೆಲಕ್ಕುರುಳಿತ್ತು. ಅದರಡಿಯಿಂದ ಇಲಿಂಕಾಳ ಮುಖವಷ್ಟೇ ಹೊರಗಿತ್ತು.

"ಅಯ್ಯೋ ನನ್ ಕಂದ!" ರೊದಿಕಾ ಕಂಬಳಿ ಎಳೆಯಲು ಬಾಗಿದಳು.

"ತೆಗೀಬೇಡಮ್ಮ." ಇಲಿಂಕಾ ಕಿರುಚಲಿಲ್ಲ. "ಇನ್ನೊಂದು ಹಾಕು."

ಹಿಂದೆಯೇ ಬಂದ ಅಜ್ಜಿ ಬಯ್ಯಲೆಂದು ಬಗ್ಗಿದವಳು ಮೊಮ್ಮಗಳನ್ನು ನೋಡಿದಳು. ಸದಾ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿಕೊಂಡಿರುತ್ತಿದ್ದ ಇಲಿಂಕಾಳ ಮುಖ ಬಿಚ್ಚಿಕೊಂಡಿತ್ತು. ಎಷ್ಟು ಚೆಂದದ ಮುಖ! ಇಂಥದೊಂದು ಮುಖ ತಮ್ಮ ಮನೆಯಲ್ಲೇ ಇತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಭಾರ ಆಗಲ್ವಾ ಪುಟ್ಟಿ?" ಅಜ್ಜಿಯ ದನಿ ತಗ್ಗಿತ್ತು.

"ಇದು ಗಟ್ಟಿಯಾಗಿ ಹಿಡ್ಕೊಳ್ಳುತ್ತೆ ಅಜ್ಜಿ. ನೀವೆಲ್ಲ ಚುಚ್ತೀರಿ."

ರೊದಿಕಾ ಅತ್ತೆಯ ಕಡೆ ತಿರುಗಿದಳು. "ಡಾಕ್ಟರೂ ಇದನ್ನೇ ಹೇಳಿದ್ರು ಅತ್ತೆ."

"ಹೇಳೋಕೇನಾಗಿತ್ತು ನಿಂಗೆ? ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ನಾಳೆ ಮಠಕ್ಕೆ..."

"ಯಾವ ಮಠಾನೂ ಇಲ್ಲ, ಸುಮ್ನಿರು." ಅಜ್ಜಿ ಬರಿಗೈಯಿಂದಲೇ ಮೂಗು ಒರೆಸಿಕೊಂಡಳು. "ಮದುವೆಗೆ ಅಂತ ಕಾದಿಟ್ಟೆ ಕಣೇ. ಕೂಸಿಗೆ ಇವತ್ತೇ ಬೇಕಾಗಿತ್ತು."

ಇದ್ದುದರಲ್ಲೇ ಒಳ್ಳೆಯ ಕಂಬಳಿಯೊಂದನ್ನು ಎಳೆದು ಮೊಮ್ಮಗಳ ಕಾಲಿನ ಮೇಲೆ ಹೊದಿಸಿದಳು.

ಅಷ್ಟರಲ್ಲಿ ಹೊಳೆಯಿಂದ ಮರಳಿದ ಗ್ರಿಗೋರೆ "ಸಿಕ್ಕಳಾ?" ಎಂದು ಅಬ್ಬರಿಸುತ್ತ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಟೋಪಿ ತೆಗೆದ. ಕೆಸರಿನ ಬೂಟುಗಳನ್ನೂ ಕಳಚಿದ. ಅವನ ಹಿಂದೆ ನೆಂಟರೆಲ್ಲ ಹೊಸ್ತಿಲಾಚೆಯೇ ನಿಂತರು. ಮುತ್ತಿಡಲು ಯಾರೂ ಮುಂದೆ ಬರಲಿಲ್ಲ.

ಉಣ್ಣೆಯಡಿಯಿಂದ ಪುಟ್ಟ ಕೈಯೊಂದು ಹೊರಬಂದು ರೊದಿಕಾಳ ಕೈ ಹುಡುಕಿ, ಒಳಗೆಳೆದು ತನ್ನ ಎದೆಯ ಮೇಲಿಟ್ಟುಕೊಂಡಿತು. ಮಗಳು ತಾನಾಗಿ ಅವಳ ಕೈ ಹಿಡಿದದ್ದು ಅದೇ ಮೊದಲು. ರೊದಿಕಾ ರೂಢಿಯಂತೆ ಮೆಲ್ಲಗೆ ಸವರಿದಳು. ಮಗುವಿನ ಹುಬ್ಬು ಗಂಟಿಕ್ಕಿತು. ಅವಳು ಸವರುವುದನ್ನು ನಿಲ್ಲಿಸಿ, ಅಂಗೈಯನ್ನು ಪೂರ್ತಿ ಊರಿ ಒತ್ತಿದಳು. ಗುಬ್ಬಿಯ ಎದೆಯಂತೆ ಪಟಪಟನೆ ಬಡಿಯುತ್ತಿದ್ದ ಎದೆ ಆ ಕೈಯಡಿ ನಿಧಾನವಾಗುತ್ತ ಹೋಯಿತು.